ಬೆನ್ನೀರಿನ ಊರು ರೋಟೊರುವಾ

ದೀಪಾವಳಿಗೆ ಮುಂಚಿನ ಸಂಜೆ ನಮ್ಮ ಹಳೇ ಹುಬ್ಬಳ್ಳಿಯ ಮನೆಗಳಲ್ಲಿ ನೀರು ತುಂಬುವ ಹಬ್ಬ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿ ಇಡುತ್ತೇವೆ. ನಸುಕಿನಲ್ಲಿ ಎದ್ದು ಬಚ್ಚಲ ಒಲೆಗೆ ಉರಿ ಹಾಕುವ ಪಾಳಿ ಮನೆಯಲ್ಲಿ ಒಬ್ಬರಿಗೆ ಬಂದೇ ಬರುತ್ತದೆ. ಈಗ ಬಹಳ ಮನೆಗಳಲ್ಲಿ ಆ ಕಷ್ಟವಿಲ್ಲ. ಗೋಡೆಗೆ ಗೀಸರ್ ತೂಗುಹಾಕಿದ್ದೇವೆ. ಈ ಗೀಸರ್ ಎಂಬ ಹೆಸರು ಎಲ್ಲಿಯದು ಎಂದು ತಾವು ಎಂದಾದರೂ ವಿಚಾರಿಸಿದ್ದುಂಟೆ? ಅದು ಐಸ್‌ಲ್ಯಾಂಡ್ ದ್ವೀಪದಲ್ಲಿ ನೆಲದಿಂದ ಚಿಮ್ಮುವ ಒಂದು ಬಿಸಿನೀರಿನ ಬುಗ್ಗೆಯ ಹೆಸರು. ಅದರಿಂದ ಜಗತ್ತಿನ ಅಂಥ ಬುಗ್ಗೆಗಳಿಗೆಲ್ಲ ಹೆಸರಾಗಿ, ಕಡೆಗೆ ನಮ್ಮ ಬಚ್ಚಲಿಗೂ ಬಂದಿತು. ನಮ್ಮ ಹಳಗನ್ನಡದಲ್ಲಿಯೂ ಬಿಸಿನೀರಿಗೆ 'ಬೆನ್ನೀರ್' ಎಂಬ ಚೊಕ್ಕ ಮಾತುಂಟು. ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ ಬೆಂದ್ರು ತೀರ್ಥವೆಂಬ ಒಂದು ಬಿಸಿನೀರಿನ ತೀರ್ಥವೂ ಉಂಟು. ಆದರೆ ಊರಿಗೆ ಊರೇ ಬೆನ್ನೀರಿನ ಮೇಲೆ ಕುಳಿತು, ಅದರಲ್ಲಿಯೇ ಮಿಂದು, ಅದರಲ್ಲಿಯೇ ಅಡಿಗೆ ಮಾಡಿ ಬಾಳುವುದನ್ನು ನೋಡಬೇಕಾದರೆ ದೂರ ಹೋಗಬೇಕು.

ಮಗಳು ಅಳಿಯ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇರುವುದರಿಂದ, ಹಿಂದೊಂದು ಬೇಸಿಗೆಯ ಸೂಟಿಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ನಮಗೆ ಬೇಸಿಗೆಯಾದರೆ ಅವರಿಗೆ ಎಲೆ ಉದುರುವ ಕಾಲ. ಆಕ್ಲೆಂಡಿನಿಂದ ಆಗ್ನೇಯಕ್ಕೆ ಸುಮಾರು 230 ಕಿಲೋಮೀಟರು, ಕಾರಿನಲ್ಲಿ ಮೂರು ತಾಸಿನ ದಾರಿ, ರೋಟೊರುವಾ ಊರು. ಊರು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಾಗಿತು. "ಎಲ್ಲೋ ಗಟಾರ ಒಡದಂಗ ಐತಲ್ರೀ" ಎಂದು ನಮ್ಮ ಮನೆಯವರು ಸೆರಗು ಮುಚ್ಚಿಕೊಂಡರು. ಗಟಾರವಲ್ಲ, ಗಂಧಕದ ಹಬೆ. ರಸ್ತೆಯ ಮಗ್ಗುಲಿನ ಮೋರಿಯಿಂದ, ಉದ್ಯಾನದ ಪೊದೆಗಳ ನಡುವಿನಿಂದ, ಯಾರದೋ ಹಿತ್ತಲ ಬೇಲಿಯ ಸಂದಿಯಿಂದ ಬಿಳಿಯ ಹೊಗೆ ಏಳುತ್ತಿತ್ತು. ಅರ್ಧ ದಿನ ಕಳೆದರೆ ಮೂಗು ಒಗ್ಗಿಹೋಗುತ್ತದೆ. ಮತ್ತೆ ನೆನಪಾಗುವುದು ಊರು ಬಿಟ್ಟ ಮೇಲೆಯೇ.

ಊರಿನ ದಂಡೆಗೆ ತಾಗಿ ಸರೋವರ. ಸುಮಾರು 80 ಚದರ ಕಿಲೋಮೀಟರು ಅಗಲ. ನಮ್ಮ ಉಣಕಲ್ ಕೆರೆಯ ಏರಿಯ ಮೇಲೆ ಸಂಜೆ ಕುಳಿತವರಿಗೆ ಆಚೆಯ ದಡ ಕಾಣುತ್ತದಷ್ಟೆ. ಇಲ್ಲಿ ದಡ ಮಸುಕು, ನಡುವೆ ಒಂದು ದ್ವೀಪ. ಇದು ಯಾರೋ ಕಟ್ಟಿಸಿದ ಕೆರೆಯಲ್ಲ. ಸುಮಾರು 2,40,000 ವರ್ಷಗಳ ಹಿಂದೆ ದೊಡ್ಡದೊಂದು ಜ್ವಾಲಾಮುಖಿ ಸ್ಫೋಟವಾಗಿ, ಒಳಗಿನದು ಬರಿದಾಗಿ, ಮೇಲಿನ ನೆಲ ಕುಸಿದು ಆದ ಬೋಗುಣಿ. ಆ ಕಾವು ನೆಲದಡಿ ಇನ್ನೂ ಆರಿಲ್ಲ.

ಭೂಗರ್ಭಶಾಸ್ತ್ರಜ್ಞರು ಹೇಳುವುದು ಹೀಗೆ. ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನ ಹೇಳುವುದು ಬೇರೆ. ಅವರ ಹಿರಿಯರು 'ತೆ ಆರವಾ' ಎಂಬ ದೊಡ್ಡ ದೋಣಿಯಲ್ಲಿ ಕಡಲು ದಾಟಿ ಬಂದರು. ದೋಣಿಯ ನಾಯಕ ತಮಾತೆಕಪುವಾ. ಜೊತೆಯಲ್ಲಿ ಬಂದ ಪುರೋಹಿತ ಙಾಟೊರೊ-ಇ-ರಙಿ. ಈ ಹೆಸರನ್ನು ಬರೆಯುವಾಗ ನನಗೆ ಒಂದು ಸಂತೋಷ. ವರ್ಗೀಯ ವ್ಯಂಜನಗಳನ್ನು ಕಲಿಸುವಾಗ 'ಙ' ಬಂದರೆ ಹುಡುಗರು ನಗುತ್ತಾರೆ, "ಸರ್, ಇದರಿಂದ ಶುರುವಾಗುವ ಒಂದಾದರೂ ಶಬ್ದ ಹೇಳಿರಿ" ಎಂದು ಕಾಡುತ್ತಾರೆ. ಕನ್ನಡದಲ್ಲಿ ತೋರಿಸಲು ಇಲ್ಲ. ಮಾವೊರಿ ಭಾಷೆಯಲ್ಲಿ ಅದು ಶಬ್ದದ ಆದಿಯಲ್ಲಿಯೇ ರಾಜಾರೋಷವಾಗಿ ಬರುತ್ತದೆ! ಇರಲಿ. ಈ ಙಾಟೊರೊ ದಕ್ಷಿಣದ ಟೊಙರಿರೊ ಪರ್ವತವನ್ನು ಹತ್ತಿದಾಗ ಹಿಮದ ಚಳಿಗೆ ಪ್ರಾಣ ಹೋಗುವಂತಾಯಿತು. ದೂರದ ಮೂಲನಾಡಿನಲ್ಲಿದ್ದ ತನ್ನ ಅಕ್ಕತಂಗಿಯರನ್ನು ಕೂಗಿ ಬೆಂಕಿ ಕಳಿಸಿರೆಂದು ಬೇಡಿದ. ಬೆಂಕಿ ಕಡಲ ಅಡಿಯಿಂದ, ನೆಲದ ಅಡಿಯಿಂದ ಹರಿದು ಬಂದಿತು. ಬರುವ ದಾರಿಯಲ್ಲಿ ಎಲ್ಲೆಲ್ಲಿ ತಲೆ ಎತ್ತಿತೋ ಅಲ್ಲೆಲ್ಲ ಬೆನ್ನೀರು ಎದ್ದಿತು. ನಕಾಶೆ ತೆಗೆದು ನೋಡಿರಿ: ಕಡಲಿನ ಜ್ವಾಲಾಮುಖಿ ದ್ವೀಪದಿಂದ ರೋಟೊರುವಾ ಮಾರ್ಗವಾಗಿ ಟೊಙರಿರೊವರೆಗೆ ಬೆಂಕಿಯ ತಾಣಗಳು ಒಂದೇ ಪಟ್ಟಿಯಲ್ಲಿವೆ. ಕಥೆ ಹೇಳಿದವರು ತಮ್ಮ ನೆಲವನ್ನು ಚೆನ್ನಾಗಿ ಬಲ್ಲವರೇ ಆಗಿದ್ದರು.

ಊರ ಹೆಸರಿಗೂ ಅರ್ಥವುಂಟು. 'ರೊಟೊ' ಎಂದರೆ ಸರೋವರ, 'ರುವಾ' ಎಂದರೆ ಎರಡು, ಎರಡನೆಯ ಸರೋವರ. ಅದನ್ನು ಮೊದಲು ಕಂಡ ಇಹೆಙ ಎಂಬವನು ತನ್ನ ಮಾವನ ಹೆಸರನ್ನೂ ಅದಕ್ಕೆ ಸೇರಿಸಿ ಇಟ್ಟ. 'ವೈ' ಎಂದರೆ ನೀರು, 'ಮಹಾನ' ಎಂದರೆ ಬೆಚ್ಚಗಿನದು. ಇಷ್ಟು ನಾಲ್ಕು ಮಾತು ಕಲಿತರೆ ಅರ್ಧ ನಕಾಶೆ ಓದಲು ಬರುತ್ತದೆ. ಅವರ ಭಾಷೆಯಲ್ಲಿ ಹ್ರಸ್ವ ದೀರ್ಘಗಳ ಭೇದ ನಮ್ಮಂತೆಯೇ, ಶಬ್ದಗಳೆಲ್ಲ ಸ್ವರಾಂತ. ನಾವು 'ಬಸ್ಸು' ಎಂದು ಉಕಾರ ಹಚ್ಚಿದ ಹಾಗೆ ಅವರು ಅದನ್ನೇ 'ಪಹಿ' ಎಂದು ಇಕಾರ ಹಚ್ಚಿ ಒಗ್ಗಿಸಿಕೊಂಡಿದ್ದಾರೆ. ಇಂಗ್ಲಿಷರ ನಾಲಗೆಗೆ ತೊಡಕಾಗುವ ಆ ಊರಹೆಸರುಗಳನ್ನು ನಮ್ಮವರು ಸರಾಗವಾಗಿ ಹೇಳಬಲ್ಲರು.

ಸರೋವರದ ದಂಡೆಯ ಒಹಿನೆಮುಟು ಎಂಬ ಹಳೆಯ ಕೇರಿಗೆ ಹೋದೆವು. ಅಲ್ಲಿ ತಮಾತೆಕಪುವಾನ ಹೆಸರಿನ ಸಭಾಮಂದಿರವುಂಟು. ಮಾವೊರಿ ಸಭಾಮಂದಿರವೆಂದರೆ ನಮ್ಮ ಚಾವಡಿಯಂತೆ ಬರಿಯ ಕಟ್ಟಡವಲ್ಲ. ಅದು ಮೂಲಪುರುಷನ ಶರೀರ. ನಡುಜಂತೆ ಅವನ ಬೆನ್ನೆಲುಬು, ಅಡ್ಡಜಂತೆಗಳು ಪಕ್ಕೆಲುಬು, ಮುಂದೆ ಇಳಿಬಿದ್ದ ಎರಡು ಹಲಗೆಗಳು ಅವನ ತೋಳು. ಶರಣರ ನಾಡಿನವನಾದ ನನಗೆ ಗುಡಿಗೂ ದೇಹಕ್ಕೂ ಇರುವ ನಂಟು ಹೊಸದಲ್ಲ. ಆದರೂ ಅಜ್ಜನ ಮೈಯೊಳಗೆ ಮೊಮ್ಮಕ್ಕಳು ಕುಳಿತು ಪಂಚಾಯತಿ ನಡೆಸುವುದನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಇಂಥ ಮನೆಯ ಒಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಅತಿಥಿಗಳನ್ನು ಹೆಣ್ಣುಮಕ್ಕಳು ದನಿಯೆತ್ತಿ ಕರೆದು ಒಳಗೆ ಬರಮಾಡಿಕೊಳ್ಳುತ್ತಾರೆ. ಆಮೇಲೆ ಮೂಗಿಗೆ ಮೂಗು ತಾಗಿಸಿ ಉಸಿರು ಕೂಡಿಸುವ 'ಹೊಙಿ' ಎಂಬ ವಂದನೆ. ಎದುರಿಗೆ ಚರ್ಚು. ಅದರ ಕಿಟಕಿಯ ಗಾಜಿನಲ್ಲಿ ಯೇಸುವಿಗೆ ಮಾವೊರಿ ಹೊದಿಕೆ ಹೊದಿಸಿ ಚಿತ್ರಿಸಿದ್ದಾರೆ. ಕುಳಿತು ನೋಡಿದರೆ ಆತ ಹೊರಗಿನ ಸರೋವರದ ನೀರಿನ ಮೇಲೆ ನಡೆದು ಬರುವಂತೆ ತೋರುತ್ತದೆ. ಪಕ್ಕದ ಗೋರಿಗಳು ನೆಲದ ಮೇಲೆ ಕಟ್ಟೆ ಕಟ್ಟಿದಂತಿವೆ. ಕಾರಣ ಕೇಳಿದರೆ, ಅಗೆದರೆ ಬಿಸಿ, ಹೂಳಲು ಆಗುವುದಿಲ್ಲ.

ನಡುವಿನ ಮೊಕೊಯಾ ದ್ವೀಪದ ಕಥೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ದಡದ ಕುಲದ ಹಿನೆಮೊವಾ ದ್ವೀಪದ ಟುಟನೆಕಾಯ್‌ಗೆ ಮನಸೋತಳು. ಮನೆಯವರು ದೋಣಿಗಳನ್ನೆಲ್ಲ ದಡದ ಮೇಲೆ ಎಳೆದಿಟ್ಟರು. ಅವಳು ರಾತ್ರಿ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಅವನ ಕೊಳಲಿನ ದನಿಯ ದಿಕ್ಕು ಹಿಡಿದು ಈಸಿ ಹೋದಳು; ಚಳಿಗೆ ನಡುಗುತ್ತ ದ್ವೀಪದ ಬೆನ್ನೀರಿನ ಕೊಳದಲ್ಲಿ ಮೈ ಕಾಯಿಸಿಕೊಂಡಳು. ಸೋರೆಬುರುಡೆ ಎಂದೊಡನೆ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಬಾವಿಯಲ್ಲಿ ಈಸು ಕಲಿತವರೆಲ್ಲ ಬೆನ್ನಿಗೆ ಅದನ್ನೇ ಕಟ್ಟಿಕೊಂಡು ಕಲಿತವರಲ್ಲವೇ? ಈ ಕಥೆ 1855ರಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚಾಯಿತು. ಅದಕ್ಕೆ ಎಷ್ಟೋ ಮುಂಚಿನಿಂದ ಅವರ ಬಾಯಲ್ಲಿ ಇದ್ದೇ ಇತ್ತು, ಮುಂದಿನ ಸಂತತಿಯವರು ತಾವು ಆ ದಂಪತಿಗಳ ವಂಶವೆಂದು ಇಂದಿಗೂ ಹೇಳಿಕೊಳ್ಳುತ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಚರಿತ್ರೆ. ರೋಟೊರುವಾಕ್ಕೆ ಜಗತ್ತಿನ ಜನ ಸೂಟಿಗೆ ಬರತೊಡಗಿ ನೂರೈವತ್ತು ವರ್ಷದ ಮೇಲಾಯಿತು. ಬಂದವರ ಹೆಸರು ಪುಸ್ತಕಗಳಲ್ಲಿ ಉಂಟು. ಬರಮಾಡಿಕೊಂಡವರಿಗೆ ಏನಾಯಿತು?

ಮೊದಲು ಜನ ಬರುತ್ತಿದ್ದದ್ದು ರೋಟೊರುವಾ ಊರಿಗಲ್ಲ, ಆಗ್ನೇಯದಲ್ಲಿ ತುಸು ದೂರದ ರೊಟೊಮಹಾನ ಎಂಬ ಇನ್ನೊಂದು ಸರೋವರಕ್ಕೆ. ಅದರ ದಂಡೆಯಲ್ಲಿ ಒಂದು ಬಿಳಿಯ, ಒಂದು ನಸುಗೆಂಪಿನ, ಹೀಗೆ ಎರಡು ಸೋಪಾನಗಳಿದ್ದವು. ಮೇಲಿನ ಬುಗ್ಗೆಯಿಂದ ಹರಿಯುವ ಬೆನ್ನೀರಿನಲ್ಲಿ ಕರಗಿದ ಸಿಲಿಕಾ, ನೀರು ಆರಿದಂತೆ ಪದರು ಪದರಾಗಿ ಕಟ್ಟಿ, ಬಟ್ಟಲ ಕೆಳಗೆ ಬಟ್ಟಲು ಇಟ್ಟಂತೆ ಇಳಿದು ಬಂದಿತ್ತು. ಬಿಳಿಯದು ತೆ ತರಟಾ. ಹಚ್ಚೆ ಹಾಕಿದ ಬಂಡೆ ಎಂದು ಅರ್ಥ. 1870ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್ ರಾಜಕುಮಾರ ಬಂದು ಹೋದ ಮೇಲೆ ಅದರ ಕೀರ್ತಿ ಇನ್ನೂ ಹಬ್ಬಿತು. ಜಾಗ ಟುಹೊರಙಿ ಎಂಬ ಕುಲದವರದು. ತೆ ವೈರೊವಾ ಹಳ್ಳಿಯಲ್ಲಿ ಅವರು ಬಂದವರನ್ನು ಇಳಿಸಿಕೊಂಡು, ದೋಣಿಯಲ್ಲಿ ದಾಟಿಸಿ, ದಾರಿ ತೋರಿಸಿ, ಅದಕ್ಕೆ ಹಣ ಪಡೆಯುತ್ತಿದ್ದರು. ದಾರಿ ತೋರಿಸುವವರಲ್ಲಿ ಹೆಸರಾದವರು ಸೋಫಿಯಾ ಹಿನೆರಙಿ. 1881ರಲ್ಲಿ ಹಿನೆಮಿಹಿ ಎಂಬ ಸಭಾಮಂದಿರವನ್ನು ಕಟ್ಟಿಸಿದಾಗ, ಕೆತ್ತಿದ ಹಿರಿಯರ ಕಣ್ಣುಗಳಿಗೆ ವಾಡಿಕೆಯ ಚಿಪ್ಪನ್ನು ಬಿಟ್ಟು ಬಂಗಾರದ ನಾಣ್ಯ ಕೂರಿಸಿದರಂತೆ! ಸಂಪಾದನೆ ಅಷ್ಟಿತ್ತು. ಬಂದವರಾದರೋ ಆ ನಸುಗೆಂಪಿನ ಸೋಪಾನದ ಮೇಲೆ ತಮ್ಮ ತಮ್ಮ ಹೆಸರು ಗೀಚಿ ಹೋಗುತ್ತಿದ್ದರು. ಹಂಪಿಯ ಕಂಬಗಳನ್ನು ನೋಡಿದವರಿಗೆ ಈ ರೋಗ ಯಾವುದೆಂದು ಹೇಳಬೇಕಾಗಿಲ್ಲ.

1886ರ ಮೇ 31ರಂದು ಸೋಫಿಯಾ ಒಂದು ಗುಂಪನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದಾಗ, ಸರೋವರದಲ್ಲಿ ಯಾರೂ ಅರಿಯದ ಹಳೆಯ ಕಾಲದ ಯುದ್ಧದೋಣಿಯೊಂದು ತೇಲಿ ಮಾಯವಾದುದನ್ನು ಕಂಡರೆಂದು ಹೇಳುತ್ತಾರೆ. ಕಂಡವರಲ್ಲಿ ಪ್ರವಾಸಿಗಳೂ ಇದ್ದರು. ಹತ್ತು ದಿನ ಕಳೆದು ಜೂನ್ 10ರ ನಸುಕಿನಲ್ಲಿ ತರವೆರಾ ಪರ್ವತ ಸೀಳಿತು. ಬಿರುಕು ಸುಮಾರು 17 ಕಿಲೋಮೀಟರು ಉದ್ದ. ರೊಟೊಮಹಾನ ಸರೋವರವೇ ತಳದಿಂದ ಸಿಡಿದು ಕೆಸರಾಗಿ ಆಕಾಶಕ್ಕೆ ಹಾರಿತು. ತೆ ವೈರೊವಾದ ಮೇಲೆ ಬಿಸಿ ಕೆಸರು ಸುರಿದು ಮನೆಗಳ ಮಾಡು ಕುಸಿದವು. ಸತ್ತವರು ಸುಮಾರು 120 ಜನ, ಹೆಚ್ಚಿನವರು ಮಾವೊರಿಗಳು; ಕೆಲವು ಹಳ್ಳಿಗಳಲ್ಲಿ ಎಣಿಸಿ ಹೇಳಲು ಯಾರೂ ಉಳಿಯಲಿಲ್ಲ. ಸೋಫಿಯಾರ ಮನೆಯ ಮಾಡು ಕಡಿದಾಗಿದ್ದುದರಿಂದ ತಡೆದುಕೊಂಡಿತು. ಅದರಲ್ಲಿ 60ರಷ್ಟು ಜನ ಬದುಕಿದರು. ಹಿನೆಮಿಹಿಯೊಳಗೆ ಓಡಿಬಂದವರು ಬಾಕುಗಳನ್ನು ಜಂತೆಗಳಿಗೆ ಆನಿಸಿ ಹಿಡಿದು ಬೆಳಗು ಮಾಡಿದರು. ಟುಹೊಟೊ ಎಂಬ ಹಣ್ಣುಮುದುಕ, ಪುರೋಹಿತ, ಕೆಸರಿನಡಿಯ ಗುಡಿಸಲಲ್ಲಿ ನಾಲ್ಕು ದಿನ ಇದ್ದು ಜೀವಂತ ಸಿಕ್ಕ. ಪ್ರವಾಸಿಗಳ ಹಣಕ್ಕೆ ಮರುಳಾದಿರೆಂದು ಅವನು ಕುಲದವರನ್ನು ಶಪಿಸಿದ್ದನೆಂಬ ಮಾತು ಹಬ್ಬಿತ್ತು. ಅವನನ್ನು ಅಗೆದು ತೆಗೆಯಬೇಡಿರೆಂದವರೂ ಇದ್ದರು. ಆಸ್ಪತ್ರೆಯಲ್ಲಿ ಕೆಲವೇ ವಾರ ಬದುಕಿದ.

ಸೋಪಾನಗಳು ಹೋದವು. ಸರೋವರದ ತಳದಲ್ಲಿ ಅವುಗಳ ಭಾಗಗಳನ್ನು ಕಂಡೆವೆಂದು 2011ರಲ್ಲಿ ವಿಜ್ಞಾನಿಗಳು ಹೇಳಿದರು, ಬೇರೆಯವರು ಅಲ್ಲವೆಂದರು. ಆ ವಾದ ನಮಗೆ ಬೇಡ. ಟುಹೊರಙಿಗಳು ನೆಲ, ಮನೆ, ಹೆತ್ತವರು, ಹೊಟ್ಟೆಯ ದಾರಿ, ಎಲ್ಲವನ್ನೂ ಒಂದೇ ರಾತ್ರಿ ಕಳೆದುಕೊಂಡು ರೋಟೊರುವಾದ ದಿಕ್ಕಿಗೆ ನಡೆದರು. ನೆಂಟರಾದ ಕುಲದವರು ಫಕರೆವರೆವಾ ಎಂಬ ಬೆನ್ನೀರಿನ ಹಳ್ಳಿಯಲ್ಲಿ ಅವರಿಗೆ ಜಾಗ ಕೊಟ್ಟರು.

ರೋಟೊರುವಾದಲ್ಲಿ ಆಗ ಬೇರೆ ತೆರನ ಸ್ಫೋಟ ನಡೆದಿತ್ತೆನ್ನಬಹುದು. 1880ರ ನವೆಂಬರಿನಲ್ಲಿ ಫೆಂಟನ್ ಎಂಬ ನ್ಯಾಯಾಧೀಶನ ಮುಂದೆ ಅಲ್ಲಿಯ ಙಾಟಿ ಫಕಾವೆ ಕುಲದವರು ಸರ್ಕಾರದೊಡನೆ ಕರಾರು ಮಾಡಿಕೊಂಡರು: ಊರು ಕಟ್ಟಿರಿ, ನೆಲ ನಮ್ಮದು, 99 ವರ್ಷ ಗುತ್ತಿಗೆ, ಬಾಡಿಗೆ ನಮಗೆ. ಮರುವರ್ಷವೇ ಬಿಸಿನೀರಿನ ಪ್ರದೇಶಗಳಿಗಾಗಿ ಕಾಯಿದೆ ಬಂದಿತು. ಗುತ್ತಿಗೆದಾರರು ಬಾಡಿಗೆ ಕೊಡದೆ ಹೋದರು. ಹತ್ತು ವರ್ಷದ ಹೊತ್ತಿಗೆ ಗುತ್ತಿಗೆ ಮುರಿದು ಊರಿನ ನೆಲ ಸರ್ಕಾರದ ಕ್ರಯಕ್ಕೆ ಹೋಯಿತು. 1894ರಲ್ಲಿ ರೈಲು ಬಂದಿತು. ನಮ್ಮ ಹುಬ್ಬಳ್ಳಿಗೆ ರೈಲು ಬಂದು ಆಗ ಕೆಲವೇ ವರ್ಷವಾಗಿದ್ದಿತು. ನಮ್ಮ ರೈಲು ಹತ್ತಿಯನ್ನು ಒಯ್ದಿತು, ಅವರ ರೈಲು ರೋಗಿಗಳನ್ನೂ ವಿಹಾರಿಗಳನ್ನೂ ತಂದಿತು. 1901ರಲ್ಲಿ ನ್ಯೂಜಿಲೆಂಡು ಪ್ರವಾಸಕ್ಕೆಂದೇ ಸರ್ಕಾರಿ ಇಲಾಖೆ ತೆರೆಯಿತು, ಜಗತ್ತಿನಲ್ಲಿ ಮೊದಲನೆಯದು. 1908ರಲ್ಲಿ ದೊಡ್ಡ ಸ್ನಾನಗೃಹ ತೆರೆಯಿತು. ಅರಮನೆಯಂಥ ಆ ಕಟ್ಟಡ ಮುಂದೆ ವಸ್ತುಸಂಗ್ರಹಾಲಯವಾಗಿ, ಭೂಕಂಪದ ಭಯದಿಂದ 2016ರಲ್ಲಿ ಬಾಗಿಲು ಹಾಕಿತು. ನಾವು ಹೊರಗಿನಿಂದ ನೋಡಿದೆವು, ಅಷ್ಟೆ.

ಫಕರೆವರೆವಾದಲ್ಲಿ ಮಾತ್ರ ಜನ ಇನ್ನೂ ತಮ್ಮ ಮನೆಗಳಲ್ಲಿಯೇ ಇದ್ದಾರೆ. ಹೊಳೆಯ ಸೇತುವೆಯನ್ನು ದಾಟಿ ಒಳಗೆ ಹೋಗಬೇಕು. ಸೇತುವೆಯ ಕೆಳಗೆ ಪ್ರವಾಸಿಗಳು ಎಸೆದ ನಾಣ್ಯಕ್ಕಾಗಿ ಹುಡುಗರು ಮುಳುಗುವುದು ಬಹು ಕಾಲದ ರೂಢಿ. ಮಾಸ್ತರನಾದ ನನಗೆ ಅದು ಅಷ್ಟು ಸೇರಲಿಲ್ಲ. ಆದರೆ ಹುಡುಗರ ಮುಖದಲ್ಲಿ ದೈನ್ಯವೇನೂ ಕಾಣಲಿಲ್ಲ, ನಗುವೇ ಇತ್ತು. ಒಳಗೆ ಒಂದು ಕುದಿಯುವ ಕೊಳ. ಹೆಂಗಸೊಬ್ಬಳು ಗೋವಿನಜೋಳದ ತೆನೆಗಳನ್ನು ಬಲೆಯ ಚೀಲದಲ್ಲಿ ಕಟ್ಟಿ ಇಳಿಬಿಟ್ಟಳು. ಮಾತಾಡಿ ಮುಗಿಸುವುದರೊಳಗೆ ಬೆಂದು ಬಂದವು. ಪಕ್ಕದಲ್ಲಿ ಹಬೆಯ ಪೆಟ್ಟಿಗೆಗಳು, ನಮ್ಮ ಇಡ್ಲಿ ಪಾತ್ರೆಯ ತತ್ತ್ವವೇ. ಆಚೆ ಪೊಹುಟು ಎಂಬ ಚಿಲುಮೆ 30 ಮೀಟರಿನವರೆಗೆ ಚಿಮ್ಮುತ್ತದೆ. ಅದು ಕುಕ್ಕರಿನ ಸಿಳ್ಳೆಯಿದ್ದಂತೆ: ಆಳದಲ್ಲಿ ಮೇಲಿನ ನೀರಿನ ಭಾರದಿಂದ ನೂರು ಡಿಗ್ರಿ ಮೀರಿದರೂ ಕುದಿಯದ ನೀರು, ಭಾರ ತುಸು ತಗ್ಗಿದೊಡನೆ ಒಮ್ಮೆಲೆ ಹಬೆಯಾಗಿ ಮೇಲಿನದನ್ನೆಲ್ಲ ಎತ್ತಿ ಎಸೆಯುತ್ತದೆ. ಕೊಳದ ನೀರನ್ನು ಕಾಲುವೆಯಲ್ಲಿ ತಂದು ಆರಿಸಿ ತೊಟ್ಟಿಗಳಿಗೆ ಬಿಡುತ್ತಾರೆ. ಅದು ಹಳ್ಳಿಯವರ ಸ್ನಾನಕ್ಕೆ. ಪ್ರವಾಸಿಗಳೆಲ್ಲ ಹೊರಟುಹೋದ ಮೇಲೆ, ಸಂಜೆ, ಅವರು ಮೀಯುತ್ತಾರೆ. ಇದನ್ನು ಕೇಳಿ ನಮ್ಮ ಮನೆಯವರು, "ಬಂದ ಬೀಗರು ಹೋಗಬೇಕು, ಆಮೇಲೆ ನಮ್ಮ ಜಳಕ" ಎಂದರು. ಮದುವೆಯ ಮನೆ ನಡೆಸಿದವರ ಮಾತು ಅದು.

ಸೋಫಿಯಾ ಇಲ್ಲಿಯೂ ದಾರಿ ತೋರಿಸುವ ಕೆಲಸ ಮಾಡಿ 1911ರಲ್ಲಿ ತೀರಿಕೊಂಡರು. ಅವರ ನಂತರದ ಪೀಳಿಗೆಯ ಮಕೆರೆಟಿ, ಹೊರಗಿನವರ ಬಾಯಲ್ಲಿ ಮ್ಯಾಗಿ ಪಪಕುರಾ, 1873ರಲ್ಲಿ ಹುಟ್ಟಿದವರು. 1901ರಲ್ಲಿ ಮುಂದೆ ಐದನೆಯ ಜಾರ್ಜ್ ದೊರೆಯಾದವನಿಗೂ ಅವನ ರಾಣಿಗೂ ಈ ಬುಗ್ಗೆಗಳನ್ನು ತೋರಿಸಿದವರು ಅವರೇ. ಇಂಗ್ಲೆಂಡಿಗೆ ಹೋಗಿ ನೆಲೆಸಿ, ನಡುವಯಸ್ಸು ಕಳೆದ ಮೇಲೆ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿನಿಯಾದರು. ತಮ್ಮ ಜನರ ನಡೆನುಡಿಯನ್ನು ಬೇರೆಯವರು ಬರೆದದ್ದು ಸಾಕು, ತಾವೇ ಬರೆಯಬೇಕೆಂದು ಪ್ರಬಂಧಕ್ಕೆ ಕೈಹಾಕಿದರು. ಅದನ್ನು ಒಪ್ಪಿಸುವ ಮೊದಲೇ 1930ರಲ್ಲಿ ತೀರಿಕೊಂಡರು. ಪುಸ್ತಕ 1938ರಲ್ಲಿ ಹೊರಬಂದಿತು. ಆಕ್ಸ್‌ಫರ್ಡು ಅವರಿಗೆ ಪದವಿಯನ್ನು ಕೊಟ್ಟದ್ದು 2025ರಲ್ಲಿ.

ಊರು ಬೆಳೆದಂತೆ ಮನೆಮನೆಗೆ ಕೊಳವೆ ಇಳಿಸಿ ಬಿಸಿನೀರು ಎಳೆದರು. ಬುಗ್ಗೆಗಳು ಬಡವಾದವು, ಕೆಲವು ನಿಂತೇಹೋದವು. ನಮ್ಮಲ್ಲಿ ಕೊಳವೆಬಾವಿ ಕೊರೆದು ಊರ ಬಾವಿಗಳು ಬತ್ತಿದುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಭೇದವೆಂದರೆ, ಅವರು ಮುಚ್ಚಿಸಿದರು! 1986–87ರಲ್ಲಿ ಪೊಹುಟುವಿನ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಕೊಳವೆಗಳನ್ನೆಲ್ಲ ಸರ್ಕಾರ ಮುಚ್ಚಿಸಿತು, ಜನ ಬೈದರು, ಬುಗ್ಗೆಗಳು ಚೇತರಿಸಿಕೊಂಡವು. 2006ರ ಕಾಯಿದೆಯಿಂದ 13 ಸರೋವರಗಳ ತಳದ ನೆಲ ತೆ ಆರವಾ ಜನಕ್ಕೆ ಹಿಂದಿರುಗಿತು.

ಭಾಷೆಯ ಮಾತನ್ನು ಆಡದೆ ನನ್ನಂಥವನು ಮುಗಿಸಲಾರ. ಮಾವೊರಿ ಹುಡುಗರು ಶಾಲೆಯಲ್ಲಿ ತಮ್ಮ ಮಾತಾಡಿದರೆ ಏಟು ತಿನ್ನುತ್ತಿದ್ದ ಕಾಲವಿದ್ದಿತು. ಮುಪ್ಪಿನವರಲ್ಲಿ ಮಾತ್ರ ಭಾಷೆ ಉಳಿದಾಗ, 1982ರಲ್ಲಿ 'ಭಾಷೆಯ ಗೂಡು' ಎಂಬ ಶಿಶುವಿಹಾರಗಳು ಹುಟ್ಟಿ, ಅಜ್ಜಿಯರು ಕೂಸುಗಳೊಡನೆ ಮಾವೊರಿಯಲ್ಲಿಯೇ ಮಾತಾಡತೊಡಗಿದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. 2017ರಲ್ಲಿ ರೋಟೊರುವಾ ತನ್ನನ್ನು ದ್ವಿಭಾಷಾ ನಗರವೆಂದು ಸಾರಿಕೊಂಡಿತು. ಧಾರವಾಡದ ಸೀಮೆಯಲ್ಲಿ ಕನ್ನಡ ಸಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದುದನ್ನೂ, 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದುದನ್ನೂ ಪಾಠ ಹೇಳುವ ನನಗೆ, ಅಲ್ಲಿಯ ಬೀದಿಯ ಹಲಗೆಗಳನ್ನು ಓದುತ್ತ ನಡೆಯುವುದೇ ಒಂದು ವಿಹಾರವಾಯಿತು.

ಒಂದು ಸಂಜೆ ಕಾರಿನಲ್ಲಿ ಅಳಿಯ ರೇಡಿಯೋ ತಿರುವಿದಾಗ ಮಾವೊರಿ ವಾರ್ತೆ ಬಂದಿತು. ರೇಡಿಯೋಕ್ಕೆ ಅವರ ಮಾತೇನು ಎಂದು ಕೋಶ ನೋಡಿದೆ: 'ರೆಓ ಇರಿರಙಿ'. ರೆಓ ಎಂದರೆ ದನಿ, ನುಡಿ. ಇರಿರಙಿ ಎಂದರೆ ಕಾಣದ ದೇವತೆಗಳಿಂದ ಕೇಳಿಬರುವ ವಾಣಿ. ರಙಿ ಎಂದರೆ ಆಕಾಶ. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಪುಟ್ಟ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತಲ್ಲ, ಕಡಲಾಚೆಯ ಈ ಜನಕ್ಕೂ ಅದೇ ಮಾತು ಹೊಳೆದಿದೆ.

ಹಿನೆಮಿಹಿಯ ಸುದ್ದಿ ಉಳಿಯಿತು. ಆ ರಾತ್ರಿ ಜನರನ್ನು ಕಾಪಾಡಿದ ಆ ಮನೆಯನ್ನು 1892ರಲ್ಲಿ ನ್ಯೂಜಿಲೆಂಡಿನ ಗವರ್ನರ್ ಆಗಿದ್ದ ಆನ್ಸ್ಲೊ ಪ್ರಭು 50 ಪೌಂಡಿಗೆ ಕೊಂಡು, ಕಳಚಿ, ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿ ತನ್ನ ಕ್ಲಾಂಡನ್ ಬಂಗಲೆಯ ತೋಟದಲ್ಲಿ ನಿಲ್ಲಿಸಿಕೊಂಡ. 2015ರಲ್ಲಿ ಬಂಗಲೆ ಸುಟ್ಟಿತು, ಹಿನೆಮಿಹಿ ಉಳಿಯಿತು. ಹೊಸ ಕೆತ್ತನೆಗಳನ್ನು ಪಡೆದು ಹಳೆಯ ಕೆತ್ತನೆಗಳನ್ನು ಅವುಗಳ ಜನಕ್ಕೆ ಹಿಂದಿರುಗಿಸಲು ಅಲ್ಲಿಯ ನ್ಯಾಷನಲ್ ಟ್ರಸ್ಟ್ 2019ರಲ್ಲಿ ಒಪ್ಪಿತು. ನಾವು ತೆ ವೈರೊವಾಕ್ಕೆ ಹೋದ ದಿನ ಜಿಟಿಜಿಟಿ ಮಳೆ. ಕೆಸರಿನಿಂದ ಅಗೆದು ತೆಗೆದ ಮನೆಗಳ ಕುರುಹುಗಳ ನಡುವೆ ನಡೆಯುತ್ತಿದ್ದಾಗ ನಮ್ಮ ಮನೆಯವರು ಯಾರೂ ಹೇಳದೆಯೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು.